ಕಮಾನು ಸಂಕದ ಕೆಳಗೆ ಒಂದು ‘ಇಲ್ಲೆ’

ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ನನಗೆ ಸಿಕ್ಕಿದ ಮೊದಲ ಕೆಲಸ ಸೇತುವೆ ಕಟ್ಟುವುದಲ್ಲ, ಸೇತುವೆಯ ಮೈಮೇಲೆ ಹುಟ್ಟಿದ ಗಿಡ ಕೀಳಿಸುವುದು. ಹೊಸದಾಗಿ ಆರ್ಡರ್ ಕೈಗೆ ಬಂದು, ಇಸ್ತ್ರಿ ಬಟ್ಟೆ ತೊಟ್ಟು, ಅಣೆಕಟ್ಟನ್ನೇ ಕಟ್ಟಲು ಹೊರಟವರಂತೆ ಬರುವ ಹುಡುಗ ಹುಡುಗಿಯರಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಭಟ್ಕಳ, ಹೊನ್ನಾವರ, ಕುಮಟಾ, ಈ ಮೂರೇ ತಾಲೂಕು ಸುತ್ತಿ ನನ್ನ ನೌಕರಿ ಮುಗಿಯಿತು. ಬಡ್ತಿ ಯಾವಾಗ ಸಿಕ್ಕಿತು, ಯಾವಾಗ ತಪ್ಪಿತು ಎನ್ನುವುದು ನನಗಿರಲಿ, ನನ್ನ ಗಂಡನಿಗೂ ಈಗ ನೆನಪಿಲ್ಲ. ಕಲ್ಲಿನ ಕಮಾನುಗಳು ಮಾತ್ರ ಒಂದೊಂದೂ ನೆನಪಿವೆ.

ಆ ಗಿಡ ಇದ್ದದ್ದು ನನ್ನ ತವರು ಕಾಯ್ಕಿಣಿಯ ಹತ್ತಿರ, ಗದ್ದೆಗಳ ನಡುವಿನ ಒಂದು ಸಣ್ಣ ಕಮಾನಿನಲ್ಲಿ. ಕಲ್ಲಿನ ಸಂದಿಯಲ್ಲಿ ಅಶ್ವತ್ಥ ಹುಟ್ಟಿತ್ತು. ಬೇರು ಒಳಗಿಳಿದರೆ ಕಲ್ಲು ಬಾಯಿ ಬಿಡುತ್ತದೆ ಎಂದು ಕಾಲೇಜಿನಲ್ಲಿ ಕಲಿತದ್ದನ್ನೆಲ್ಲ ಗ್ಯಾಂಗಿನವರಿಗೆ ಒಪ್ಪಿಸಿದೆ. ಅವರು ಪೂರ್ತಿ ಕೇಳಿ, ತಲೆಯಾಡಿಸಿ, ಕತ್ತಿ ಕೆಳಗಿಟ್ಟರು.

“ಮೇಡಮ್ಮೋರೆ, ಬೇರೆ ಎಂತ ಗಿಡ ಬೇಕಾದ್ರೂ ಕಡಿತೆ. ಅಶ್ವತ್ಥಕ್ಕೆ ಕತ್ತಿ ಹಾಕುದಿಲ್ಲ” ಎಂದ ಅವರಲ್ಲೊಬ್ಬ.

ಮೂರು ದಿಕ್ಕಿನಿಂದ ಹೇಳಿ ನೋಡಿದೆ, ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ರಾತ್ರಿ ಊಟಕ್ಕೆ ಕೂತಾಗ ಅಮ್ಮ ನಕ್ಕಳು. “ಕಡಿ ಅಂದ್ರೆ ಯಾರ್ ಕಡಿತ್ರು? ಕಿತ್ತು ಬೇರೆ ಕಡೆ ನೆಡಿ ಅನ್ನು. ಅದು ಪುಣ್ಯ” ಎಂದಳು. ಮರುದಿನ ಅದೇ ಜನ ಸಂದಿಗೆ ನೀರು ಹೊಯ್ದು, ಸುಣ್ಣ ಮೆತ್ತಗೆ ಮಾಡಿ, ಬೇರಿನ ತುದಿಯೂ ತುಂಡಾಗದ ಹಾಗೆ ಎಳೆದು ತೆಗೆದು, ದೇವಸ್ಥಾನದ ಬಯಲಿನಲ್ಲಿ ನೆಟ್ಟು ಬಂದರು. ಕತ್ತಿಯಲ್ಲಿ ಕಡಿದಿದ್ದರೆ ಒಳಗುಳಿದ ಬೇರು ಮುಂದಿನ ಮಳೆಗೇ ಚಿಗುರುತ್ತಿತ್ತು. ನನ್ನ ಇಡೀ ನೌಕರಿಯಲ್ಲಿ ಯಾರ ಶಿಫಾರಸೂ ಇಲ್ಲದೆ ಆದ ಒಂದೇ ಒಂದು ವರ್ಗಾವಣೆ ಅದು.

ಭಟ್ಕಳದ ಕಡೆ ಇದ್ದಾಗ ನನಗೊಬ್ಬರು ಮೇಲಧಿಕಾರಿ ಇದ್ದರು, ಅವರಿಗೆ ಚೊಕ್ಕಟದ ಹುಚ್ಚು. ಅವರ ಮುಖಕ್ಕಿಂತ ಅವರ ಷೂ ಹೆಚ್ಚು ಹೊಳೆಯುತ್ತಿತ್ತು ಎಂದು ಆಫೀಸಿನಲ್ಲಿ ಹೇಳುತ್ತಿದ್ದರು. ಹಳೆಯ ಕಮಾನೊಂದರ ಗೋಡೆಯಲ್ಲಿ ಅಲ್ಲಲ್ಲಿ ಸಣ್ಣ ಕಂಡಿಗಳಿದ್ದವು, ಅವುಗಳಿಂದ ಮಳೆಗಾಲದಲ್ಲಿ ನೀರು ತೊಟ್ಟಿಕ್ಕಿ ಕಲ್ಲಿನ ಮೇಲೆ ಕಪ್ಪು ಗೆರೆ ಬೀಳುತ್ತಿತ್ತು. ಯಾರೋ ದೊಡ್ಡವರು ಆ ದಾರಿಯಲ್ಲಿ ಬರುವವರಿದ್ದರು. ಆ ಅಧಿಕಾರಿ ಎಲ್ಲ ಕಂಡಿಗಳಿಗೂ ಸಿಮೆಂಟು ತುಂಬಿಸಿ, ಸಂದಿಗಳಿಗೂ ಸಿಮೆಂಟು ಮೆತ್ತಿಸಿ, ಮೇಲಿಂದ ಬಣ್ಣ ಹೊಡೆಸಿದರು. ನಮ್ಮ ಕಡೆ ಸಂಕ ಎನ್ನುವ ಆ ಸೇತುವೆ ಮದುಮಗನ ಹಾಗೆ ಕಂಡಿತು. ಬರಬೇಕಾದವರು ಬೇರೆ ದಾರಿಯಲ್ಲಿ ಹೋದರು.

ಮಳೆಗಾಲ ಮುಗಿಯುವ ಹೊತ್ತಿಗೆ ಆ ಮದುಮಗನಿಗೆ ಹೊಟ್ಟೆ ಬಂದಿತ್ತು. ಕಮಾನಿನ ಬೆನ್ನಿನ ಮೇಲೆ ತುಂಬಿದ ಮಣ್ಣು ನೀರು ಕುಡಿದು ಉಬ್ಬಿ, ಪಕ್ಕದ ಗೋಡೆಯನ್ನು ಹೊರಗೆ ನೂಕಿತ್ತು. ಹಿಂದಿನವರು ಕಂಡಿ ಬಿಟ್ಟದ್ದು ನೀರು ಹೋಗಲಿ ಎಂದು. ಸುಣ್ಣದ ಗಾರೆ ಹಾಕಿದ್ದೂ ಅದಕ್ಕೇ, ಅದು ತೇವ ಹೊರಗೆ ಬಿಡುತ್ತದೆ, ಕಲ್ಲು ಕೂದಲೆಳೆಯಷ್ಟು ಅಲುಗಿದರೆ ತಾನೂ ಸೈರಿಸಿಕೊಳ್ಳುತ್ತದೆ. ಸಿಮೆಂಟಿಗೆ ಆ ತಾಳ್ಮೆ ಇಲ್ಲ. ಹಾಗೆಂದು ಸುಣ್ಣಕ್ಕೆ ಬೆಲ್ಲ ಹಾಕಿದ್ದರು, ಸಾವಿರಾರು ಮೊಟ್ಟೆ ಒಡೆದಿದ್ದರು ಎಂದು ಊರೂರಲ್ಲಿ ಹೇಳುವ ಕಥೆಗಳನ್ನು ನಂಬಬೇಡಿ. ನಾನು ಕೆರೆದು ನೋಡಿದ ಗಾರೆಯಲ್ಲೆಲ್ಲ ಹೊಳೆಯ ಚಿಪ್ಪಿ ಸುಟ್ಟು ಮಾಡಿದ ಸುಣ್ಣ ಮತ್ತು ಮರಳು ಇದ್ದವು. ಅಷ್ಟೊಂದು ಮೊಟ್ಟೆ ಸಿಕ್ಕಿದ್ದರೆ ನಮ್ಮವರು ಸಂಕಕ್ಕೆ ಬಿಡುತ್ತಿದ್ದರೆ?

ಇನ್ನು ನಾನು ಹೇಳಬೇಕೆಂದು ಕೂತ ಸಂಕಕ್ಕೆ ಬರುತ್ತೇನೆ. ಹೊನ್ನಾವರದಿಂದ ಕುಮಟೆಗೆ ಹೋಗುವ ಹಳೆಯ ರಸ್ತೆಯ ಒಂದು ಕವಲಿನಲ್ಲಿ, ಉಪ್ಪುನೀರಿನ ಹಳ್ಳಕ್ಕೆ ಕಟ್ಟಿದ ಮೂರು ಕಮಾನಿನ ಸಂಕ ಅದು. ನಮ್ಮ ಕಡೆ ಎರಡು ತೆಂಗಿನ ಮರ ಅಡ್ಡ ಹಾಕಿದರೂ ಸಂಕವೇ, ಬಸ್ಸು ಹೋಗುವ ಸೇತುವೆಯೂ ಸಂಕವೇ. ಕಮಾನಿನ ಬಳೆ, ಅಂದರೆ ಬಾಗಿದ ಕಲ್ಲಿನ ಸಾಲು, ಕರಿಕಲ್ಲಿನದು, ಪಕ್ಕದ ಗೋಡೆ ಕೆಂಪು ಚಿರೆಕಲ್ಲಿನದು. ಒಳಗೆ ಒಂದು ಕಬ್ಬಿಣದ ಕಡ್ಡಿ ಇಲ್ಲ. ಕಡಲ ಗಾಳಿಗೆ ತುಕ್ಕು ಹಿಡಿಯಲು ಅದರಲ್ಲಿ ಏನೂ ಇಲ್ಲದ್ದರಿಂದಲೇ, ಆಮೇಲೆ ಕಟ್ಟಿದ ಕಾಂಕ್ರೀಟಿನ ತಮ್ಮಂದಿರು ಸಿಪ್ಪೆ ಸುಲಿದುಕೊಂಡು ನಿಂತಾಗಲೂ ಇದು ಹಾಗೇ ಇತ್ತು. ಆಚೆ ದಡದಲ್ಲಿ ಮೀನುಗಾರರ ಕೇರಿ. ಕೇರಿಗೆ ಬರುವ ಬಸ್ಸಿಗೆ ಇದೊಂದೇ ದಾರಿ.

ಒಂದು ಮಳೆಗಾಲ ಹಳ್ಳದಲ್ಲಿ ತೇಲಿ ಬಂದ ದೊಡ್ಡ ಮರವೊಂದು ನಡುವಿನ ಕಮಾನಿಗೆ ಬಡಿಯಿತು. ನೆತ್ತಿಯ ಹತ್ತಿರದ ಕೆಲವು ಕಲ್ಲು ಕೆಳಗೆ ಜಾರಿ, ಬಾಯಲ್ಲಿ ಅಲುಗುವ ಹಲ್ಲಿನ ಹಾಗೆ ನಿಂತವು. ಬಸ್ಸು ನಿಂತಿತು. ಮೇಲಿನ ಆಫೀಸಿನಲ್ಲಿ ಒಬ್ಬ ದೊಡ್ಡ ಸಾಹೇಬರು, ಹೈವೇ ಅಗಲ ಆದಮೇಲೆ ಆ ಹಳೇ ಸಂಕ ಯಾರಿಗೆ ಬೇಕು, ಒಡೆದು ಜನ ದಾಟಲು ಒಂದು ಕಾಲುಸಂಕ ಹಾಕಿಬಿಡಿ ಎಂದರು.

ಯಾರಿಗೆ ಬೇಕು ಎಂದು ನನಗೆ ಹೇಳಿದವಳು ಗಿರಿಜಕ್ಕ. ಸಂಕದ ಬುಡದ ಮೊದಲ ಮನೆ ಅವಳದು, ಕುಮಟೆಯ ಪೇಟೆಯಲ್ಲಿ ಮೀನು ಮಾರುವವಳು.

“ತಂಗಿ, ಕಾಲುಸಂಕದ ಮೇಲೆ ಬಸ್ ಬತ್ತದ್ಯ? ಬುಟ್ಟಿ ಹೊತ್ಕಂಡು ಹೈವೇವರೆಗೆ ನಡೂಕೆ ನನ್ನ ಮೊಣಕಾಲು ಕೇಳುದಿಲ್ಲ. ನಾವು ಮುಟ್ಟುದ್ರೊಳಗೆ ಪೇಟೆಲಿ ಬೇರೆಯವ್ರ ಮೀನು ಖರ್ಚಾಗಿರ್ತದೆ. ಆಮೇಲೆ ನಮ್ಮ ಮೀನು ಬೆಕ್ಕಿಗೆ” ಎಂದಳು. ಕೇರಿಯ ಹೆಂಗಸರೆಲ್ಲರ ಮಾತೂ ಅದೇ ಆಗಿತ್ತು.

ಆಗ ನನ್ನ ನೇರ ಮೇಲಧಿಕಾರಿಯಾಗಿದ್ದವರು ಮಂಡ್ಯದ ಕಡೆಯವರು. ಹೆಸರು ಬೇಡ, ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು. ಮೀನಿನ ವಾಸನೆಗೆ ಮೂಗಿಗೆ ಕರವಸ್ತ್ರ ಹಿಡಿಯುವವರು, ದೋಣಿ ಹತ್ತಬೇಕಾಗುತ್ತದೆ ಎಂದು ಮಾವಿನಕುರ್ವೆ ನಡುಗಡ್ಡೆಯ ಕೆಲಸಕ್ಕೆಲ್ಲ ನನ್ನನ್ನೇ ಕಳಿಸುವವರು. ಆದರೆ ಕಲ್ಲಿನ ಕಮಾನು ಕಂಡರೆ ಮುಖ ಅರಳುತ್ತಿತ್ತು. ಮಾತಾಡುವ ಮೊದಲು ಕಲ್ಲನ್ನೊಮ್ಮೆ ತಟ್ಟುತ್ತಿದ್ದರು, ಎತ್ತಿನ ಬೆನ್ನು ತಟ್ಟಿದ ಹಾಗೆ. ಕಮಾನಿನ ಪಾಠವನ್ನು ನಾನು ಕಾಲೇಜಿನಲ್ಲಿ ಬರೆದು ಪಾಸಾಗಿದ್ದೆ, ಅರ್ಥ ಮಾಡಿಸಿದವರು ಅವರು.

“ಏನಮ್ಮಾ, ಸಂಜೆ ಹಿರೇಗುತ್ತಿ ಬಸ್ಸಲ್ಲಿ ನಿಂತ್ಕೊಂಡು ಹೋಗಿದ್ದೀಯಾ? ಜನ ಒತ್ಕೊಂಡು ನಿಂತಿರ್ತಾರಲ್ಲ, ಬ್ರೇಕ್ ಹಾಕಿದ್ರೂ ಯಾರೂ ಬೀಳಲ್ಲ. ಬೀಳೋಕೆ ಜಾಗ ಎಲ್ಲಿದೆ? ಕಮಾನೂ ಅಷ್ಟೇ ಕಣಮ್ಮ. ಪ್ರತಿ ಕಲ್ಲೂ ಬೀಳಬೇಕು ಅಂತಾನೇ ನೋಡ್ತಿರುತ್ತೆ, ಪಕ್ಕದ್ದು ಬಿಡಲ್ಲ. ಎರಡು ತುದೀಲಿ ನಿಂತಿರೋರು ಗಟ್ಟಿಯಾಗಿದ್ರೆ ಆಯ್ತು. ಆದ್ರೆ ನಡುವಿನಿಂದ ಒಬ್ಬನ್ನ ಎಳೀಬೇಕು ಅಂದ್ರೆ, ಮೊದ್ಲು ಉಳಿದವರನ್ನ ಕೆಳಗಿಂದ ಹಿಡ್ಕೋಬೇಕು.”

ದೊಡ್ಡ ಸಾಹೇಬರ ಹತ್ತಿರ ಹೋಗಿ ಕಾಡಿ ಬೇಡಿ, ಜಾರಿದ ಕಲ್ಲು ತೆಗೆದು ಕಮಾನನ್ನು ಮತ್ತೆ ಕೂಡಿಸಲು ಅವರು ಒಪ್ಪಿಗೆ ತಂದರು. ಒಂದು ಕರಾರು ಇತ್ತು. ಮುಂದಿನ ಮಳೆ ಹಿಡಿಯುವುದರೊಳಗೆ ಜನ ತುಂಬಿದ ಬಸ್ಸು ದಾಟಬೇಕು, ಇಲ್ಲದಿದ್ದರೆ ಒಡೆಯುವುದೇ.

ಕೆಳಗಿಂದ ಹಿಡಿದುಕೊಳ್ಳುವ ಕೆಲಸಕ್ಕೆ ಮರದ ಕಮಾನು ಬೇಕು, ಕಲ್ಲಿನ ಕಮಾನಿನ ಹೊಟ್ಟೆಗೆ ಸರಿಯಾಗಿ ಕೂರುವಂಥ ಅಚ್ಚು. ಅದನ್ನು ಮಾಡಿದವನು ಮಾಬ್ಲ ಆಚಾರಿ. ಒಳ್ಳೆಯ ಬಡಗಿ, ಬಡಾಯಿಯಲ್ಲಿ ಅದಕ್ಕಿಂತ ಒಳ್ಳೆಯವನು. ತಾನು ಕಣ್ಣಳತೆಯಲ್ಲೇ ದೋಣಿಯ ಬೆನ್ನು ಬಾಗಿಸುವವನು, ಈ ಸಂಕ ಎಂತ ದೊಡ್ಡದು ಎಂದು ಮೊದಲ ಅಚ್ಚನ್ನು ಕಣ್ಣಳತೆಯಲ್ಲೇ ಮಾಡಿ ತಂದ. ಒಂದು ಕಡೆ ಕಲ್ಲಿಗೆ ತಾಗಿತು, ಇನ್ನೊಂದು ಕಡೆ ಮಧ್ಯದಲ್ಲಿ ಬೆಕ್ಕು ನುಸುಳುವಷ್ಟು ಸಂದಿ. ಸಾಹೇಬರು ಹಗ್ಗ, ಗೂಟ, ಸುಣ್ಣದ ಪುಡಿ ತರಿಸಿ, ಕಮಾನಿನ ಚಿತ್ರವನ್ನು ಅದರ ಪೂರ್ತಿ ಅಳತೆಯಲ್ಲೇ ನೆಲದ ಮೇಲೆ ಬರೆಯಬೇಕು ಎಂದರು. ಹಿಂದೆ ಕಟ್ಟಿದವರೂ ಹಾಗೆಯೇ ಬರೆದಿರಬೇಕು, ಬೇರೆ ದಾರಿಯೇ ಇಲ್ಲ. ಅಷ್ಟು ದೊಡ್ಡ ಸಮತಟ್ಟು ಜಾಗ ಇದ್ದದ್ದು ಗಿರಿಜಕ್ಕ ಮೀನು ಒಣಗಿಸುವ ಅಂಗಳ ಒಂದೇ.

“ನನ್ನ ಒಣಮೀನು ಯಾರು ಒಣಗಿಸ್ತ್ರು, ನಿಮ್ಮ ಆಫೀಸ?” ಎಂದು ಜಗಳಕ್ಕೆ ನಿಂತಳು ಗಿರಿಜಕ್ಕ. ಸ್ವಲ್ಪ ಹೊತ್ತಿಗೆ ತಾನೇ ಮೀನು ಎತ್ತಿ, ನೆಲ ಸಾರಿಸಿ ಕೊಟ್ಟಳು. ಸಾಹೇಬರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡೇ ಮೊಣಕಾಲೂರಿ ಗೆರೆ ಎಳೆದರು. ಕೇರಿಯವರೆಲ್ಲ ಬೇಲಿಗೆ ಒರಗಿ ನೋಡುತ್ತಿದ್ದರು. ಆ ಗೆರೆಯ ಮೇಲೆ ಹಲಗೆ ಇಟ್ಟು ಮಾಬ್ಲ ಕೊಯ್ದ ಎರಡನೆಯ ಅಚ್ಚು ಕಲ್ಲಿಗೆ ಕೈಗವಸಿನಂತೆ ಕೂತಿತು. ಇದು ಮೊದಲೇ ತನಗೆ ಗೊತ್ತಿತ್ತು ಎಂದ ಮಾಬ್ಲ.

ಅಚ್ಚು ನಿಲ್ಲುವುದು ಕಂಬಗಳ ಮೇಲೆ, ಕಂಬಕ್ಕೂ ಅಚ್ಚಿಗೂ ನಡುವೆ ಮರದ ಬೆಣೆಗಳು. ಬೆಣೆ ಬಡಿದಷ್ಟೂ ಅಚ್ಚು ಮೇಲೇರಿ ಕಲ್ಲನ್ನು ಹೊರುತ್ತದೆ. ದಿನವೂ ಉಬ್ಬರದ ನೀರು ಕಂಬಗಳನ್ನು ಅಲುಗಿಸುವುದರಿಂದ, ಮೇಲೆ ಕಲ್ಲಿಗೆ ಕೈ ಹಾಕುವ ಮುಂಚೆ ಬೆಣೆಗಳನ್ನು ಹೊಸದಾಗಿ ಬಡಿದು ಬಿಗಿ ಮಾಡಲೇಬೇಕು. ಆ ಕೆಲಸ ಮಾಬ್ಲನದು. ಅವನನ್ನು ನೋಡಿಕೊಳ್ಳಲು ಕೆಳಗೆ ಇದ್ದವರು ನಮ್ಮ ವರ್ಕ್ ಇನ್ಸ್‌ಪೆಕ್ಟರ್ ಹೆಗಡೆಯವರು. ಹೊನ್ನಾವರದ ಮೇಲಿನ ಹಳ್ಳಿಯವರು, ಸಾತ್ವಿಕರು. ಫೈಲಿನ ಕನ್ನಡ ಫೈಲಿಗೆ, ಮನೆಯ ಮಾತು ಬಾಯಿಗೆ ಎನ್ನುವ ಸ್ವಭಾವ. ಮೊಬೈಲು ಎಲ್ಲರ ಕೈಯಲ್ಲೂ ಇತ್ತು, ಸಂಕದ ಕೆಳಗೆ ಸಿಗ್ನಲ್ ಮಾತ್ರ ಇರಲಿಲ್ಲ. ಕೂಗಿಯೇ ಮಾತಾಡಬೇಕು.

ಕಲ್ಲು ತೆಗೆಯುವ ಬೆಳಿಗ್ಗೆ ನಾನು ಸಂಕದ ಆಚೆ ತುದಿಯಲ್ಲಿ, ಕೆಲಸ ನೋಡಲು ಬಂದವರ ಸ್ಕೂಟರುಗಳನ್ನು ತಡೆಯುತ್ತ ನಿಂತಿದ್ದೆ. ನಡುವಿನಲ್ಲಿ ಸಾಹೇಬರು ಮತ್ತು ಹಾರೆ ಹಿಡಿದ ಇಬ್ಬರು ಗಾರೆಯವರು. ಸಾಹೇಬರು ಬಗ್ಗಿ ಕೂಗಿದರು.

“ಹೆಗಡೇರೇ, ಬೆಣೆ ಬಡಿಯೋಕೆ ಆಚಾರಿ ಎಲ್ಲಿ?”

ಮಾಬ್ಲ ಚಾ ಕುಡಿಯಲು ಗಿರಿಜಕ್ಕನ ಮನೆಗೆ ಹೋಗಿದ್ದ. ಹೆಗಡೆಯವರು ತಮ್ಮ ಮನೆಮಾತಿನಲ್ಲಿ ನಿಜವನ್ನೇ ಹೇಳಿದರು.

“ಇಲ್ಲೆ.”

ಅವರ ಮನೆಗಳಲ್ಲಿ ಇಲ್ಲೆ ಎಂದರೆ ಇಲ್ಲ. ಮಂಡ್ಯದವರ ಕಿವಿಗೆ ಅದು ಇಲ್ಲೇ, ಇಲ್ಲಿಯೇ ಇದ್ದಾನೆ. ಸಾಲದ್ದಕ್ಕೆ ಕಮಾನಿನ ಹೊಟ್ಟೆಯೊಳಗೆ ಕೂಗಿದ ಮಾತು ಗುಂಯ್ಗುಟ್ಟಿ ಉದ್ದವಾಗುತ್ತದೆ. ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ.

“ಹಾಗಾದ್ರೆ ಶುರು ಮಾಡ್ಲಿ” ಎಂದು ತಮ್ಮಷ್ಟಕ್ಕೇ ಅಂದುಕೊಂಡು ಸಾಹೇಬರು ಕಾದರು. ಕೆಳಗಿನಿಂದ ಠಕ್ ಠಕ್ ಎಂದು ಬಡಿಯುವ ಸದ್ದು ಕೇಳಿತು. ಅದು ದಡದ ಮೇಲೆ ಯಾರೋ ದೋಣಿ ರಿಪೇರಿ ಮಾಡುತ್ತಿದ್ದ ಸದ್ದು. ಸದ್ದು ನಿಂತ ಮೇಲೆ ಸಾಹೇಬರು ಗಾರೆಯವರಿಗೆ ಕೈ ತೋರಿಸಿದರು, ಹಾರೆ ಸಂದಿಗೆ ಇಳಿಯಿತು.

ಒಂದು ಕಲ್ಲು ಮೇಲೆ ಬಂತು. ಅದರ ಪಕ್ಕದವು ಕೆಳಗೆ ಹೋದವು. ದಪ್ಪ ಗುಡುಗಿನ ಹಾಗೆ ಸದ್ದಾಗಿ ಸಂಕದ ನಡು ಒಮ್ಮೆಲೇ ಕುಸಿದು, ಸಡಿಲ ಅಚ್ಚಿನ ಮೇಲೆ ಕೂತು ನಿಂತಿತು. ಮೂರು ಕಲ್ಲು ಹಳ್ಳಕ್ಕೆ ಬಿದ್ದವು. ಗಾರೆಯವರು ಹಾರೆ ಬಿಟ್ಟು, ಸಾಹೇಬರ ಸಮೇತ ಹಿಂದಕ್ಕೆ ಹಾರಿದರು. ಹೆಗಡೆಯವರು ಕೆಸರಿನಿಂದ ಸೊಂಟದವರೆಗೆ ಕಪ್ಪಾಗಿ ದಡಕ್ಕೆ ಹತ್ತಿ ಬಂದರು. ಅವರು ಜೀವಂತವಾಗಿ ನಡೆದು ಬರುವುದನ್ನು ನೋಡಿ ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಚಾದ ಗ್ಲಾಸು ಹಿಡಿದೇ ಓಡಿ ಬಂದ ಮಾಬ್ಲ.

“ನಾ ಬರುದ್ರೊಳಗೆ ಕಲ್ಲು ತೆಗಿ ಅಂದವ್ರು ಯಾರು?” ಎಂದ.

ಸಾಹೇಬರು ಹೆಗಡೆಯವರ ಕಡೆ ತಿರುಗಿದರು. “ಹೆಗಡೇರೇ, ಆಚಾರಿ ಇಲ್ಲೇ ಅಂದ್ರಲ್ಲ ಸ್ವಾಮಿ?”

“ಹೌದು ಸರ್, ಇಲ್ಲೆ ಅಂದಿ.”

“ಇಲ್ಲಿ ಇರಲಿಲ್ವಲ್ಲ?”

“ಅದಕ್ಕೇ ಇಲ್ಲೆ ಅಂದಿ. ಇಲ್ಲದಿದ್ದವಂಗೆ ಇಲ್ಲೆ ಅನ್ನದೆ ಮತ್ತೆಂತ ಹೇಳವು?”

ಇಬ್ಬರೂ ಸ್ವಲ್ಪ ಹೊತ್ತು ಹೀಗೇ ಸುತ್ತಿದರು. ಗಂಟು ಬಿಡಿಸಿದವಳು ನಾನು, ಎರಡೂ ಕಡೆಯ ಮಾತು ಬಲ್ಲವಳಾದ್ದರಿಂದ. ಸಾಹೇಬರು ತಲೆಯ ಮೇಲೆ ಕೈ ಹೊತ್ತು ಕೂತರು. ಅಂದು ಯಾರೂ ನಗಲಿಲ್ಲ, ನಗು ಬಂದದ್ದು ಎಷ್ಟೋ ತಿಂಗಳ ಮೇಲೆ.

ದೊಡ್ಡ ಸಾಹೇಬರು ಬಂದರು. ಒಡೆಯಿರಿ ಎಂದರು. ಕುಸಿದದ್ದು ಯಾಕೆ ಎಂದು ಕೇಳಿದರು. ಹೆಗಡೆಯವರು ಕೈಕಟ್ಟಿ ಹಿಂದೆ ನಿಂತಿದ್ದರು, ನೌಕರಿ ಹೋಯಿತು ಎಂದೇ ಅವರ ಮುಖ ಹೇಳುತ್ತಿತ್ತು. ನಮ್ಮ ಸಾಹೇಬರು ‘ಇಲ್ಲೆ’ಯ ಮಾತನ್ನೇ ಎತ್ತಲಿಲ್ಲ.

“ಕಲ್ಲು ತೆಗೀರಿ ಅಂದವನು ನಾನು ಸರ್, ಕೆಳಗೆ ಇಳಿದು ನೋಡದೇ ಅಂದೆ. ಸಂಕ ತಾನಾಗಿ ಬೀಳಲಿಲ್ಲ, ನಾವು ಬೀಳಿಸಿದ್ದು. ಪಕ್ಕದ ಎರಡು ಕಮಾನು ಒಂದು ಕೂದಲು ಅಲುಗಿಲ್ಲ, ಬಂದು ನೋಡಿ. ಮಳೆವರೆಗೆ ಟೈಮ್ ಕೊಟ್ಟಿದ್ದೀರಿ, ಅಲ್ಲೀವರೆಗೆ ಬಿಡಿ” ಎಂದರು.

ದೊಡ್ಡ ಸಾಹೇಬರು ಪಕ್ಕದ ಕಮಾನುಗಳನ್ನು ಬಗ್ಗಿ ನೋಡಿದರು, ಬಹಳ ಹೊತ್ತು ನೋಡಿದರು. ಮಳೆ ಎಂದರೆ ಮಳೆ, ಆಮೇಲೆ ನನ್ನ ಹತ್ತಿರ ಬರಬೇಡಿ ಎಂದು ಕಾರು ಹತ್ತಿದರು. ಮೇಲಧಿಕಾರಿಗಳನ್ನು ಬೈಯುವುದು ನಮ್ಮ ವೃತ್ತಿಯಲ್ಲಿ ಉಪ್ಪಿನಕಾಯಿ ಇದ್ದ ಹಾಗೆ, ಊಟಕ್ಕೆ ಬೇಕೇ ಬೇಕು. ನಾನೂ ಬೇಕಾದಷ್ಟು ಬೈದಿದ್ದೇನೆ. ಆದರೆ ಅಂದಿನಿಂದ ನಮ್ಮ ಮಂಡ್ಯದ ಸಾಹೇಬರನ್ನು ಬೈಯುವವರ ಹತ್ತಿರ ನಾನು ಕೂರಲಿಲ್ಲ.

ಅಲ್ಲಿಂದ ನಮ್ಮಲ್ಲಿ ಒಂದು ಹೊಸ ಪದ್ಧತಿ ಬಂತು. ಕೆಳಗಿನವರನ್ನು ಏನಾದರೂ ಕೇಳಿದರೆ ಅವರು ಕೂಗುವಂತಿಲ್ಲ, ಮೇಲೆ ಹತ್ತಿ ಬಂದು ಮುಖ ತೋರಿಸಿಯೇ ಹೇಳಬೇಕು. ಮಾಬ್ಲ ದಿನಕ್ಕೆ ಎಷ್ಟು ಸಲ ಹತ್ತಿ ಇಳಿದನೋ, ಅಷ್ಟು ಸಲ ಗೊಣಗಿದ. ಈಗಿನ ನಿಮಗೆ ಇದು ತಮಾಷೆ ಅನ್ನಿಸಬಹುದು. ನೀವು ಮೊಬೈಲಿನಲ್ಲಿ ಹೆಬ್ಬೆರಳಿನ ಚಿತ್ರ ಕಳಿಸುತ್ತೀರಿ. ಅದು ಕೆಲಸ ಆಯಿತು ಎಂದೋ, ಮಾಡುತ್ತೇನೆ ಎಂದೋ, ಬರೀ ಓದಿದೆ ಎಂದೋ? ಕಳಿಸಿದವನು ಒಂದು ಅಂದುಕೊಂಡಿರುತ್ತಾನೆ, ನೋಡಿದವನು ಇನ್ನೊಂದು. ಯಾರದಾದರೂ ತಲೆಯ ಮೇಲೆ ಕಲ್ಲು ಇರುವಾಗ ಎದ್ದು ಹೋಗಿ ಮುಖ ನೋಡಿ ಕೇಳಿ.

ಕಮಾನು ಮತ್ತೆ ಏರಿತು. ಎರಡೂ ಬದಿಯಿಂದ ಸಮ ಸಮ, ಈ ಕಡೆ ಒಂದು ಕಲ್ಲು ಇಟ್ಟರೆ ಆ ಕಡೆಯೂ ಒಂದು. ಹಳ್ಳಕ್ಕೆ ಬಿದ್ದ ಕಲ್ಲುಗಳನ್ನೂ ಇಳಿತದಲ್ಲಿ ಹುಡುಕಿ ತೆಗೆದು ತೊಳೆದು ಅವುಗಳ ಜಾಗಕ್ಕೇ ಇಟ್ಟೆವು. ನೆತ್ತಿಯ ಕೊನೆಯ ಕಲ್ಲು ಕೂತಮೇಲೆ ಗಾರೆ ಗಟ್ಟಿಯಾಗಲು ಬಿಟ್ಟು, ಆಮೇಲೆ ಬೆಣೆಗಳನ್ನು ಇಷ್ಟಿಷ್ಟೇ ಸಡಿಲ ಮಾಡಿದೆವು. ಆಗ ಕಮಾನು ಸ್ವಲ್ಪ ಇಳಿಯುತ್ತದೆ, ಇಳಿಯಲೇಬೇಕು. ಕಲ್ಲುಗಳು ಒಂದನ್ನೊಂದು ಗುರುತು ಹಿಡಿದು ಒತ್ತಿಕೊಳ್ಳುವ ಹೊತ್ತು ಅದು. ಅಚ್ಚು ಕಲ್ಲಿನಿಂದ ಬಿಟ್ಟುಕೊಂಡು ನಡುವೆ ಬೆಳಕು ಕಂಡಿತು. ಹೆಗಡೆಯವರು ಕಣ್ಣು ಮುಚ್ಚಿ ಏನೋ ಜಪಿಸುತ್ತಿದ್ದರು.

ಬಸ್ಸು ದಾಟುವ ದಿನ ಕಡಲ ಮೇಲೆ ಮೋಡ ಕಟ್ಟಿತ್ತು. ಕೇರಿಯ ಕಡೆಯಿಂದ ಬಸ್ಸು ಹೊರಡಬೇಕು, ಅದಕ್ಕಾಗಿ ಡಿಪೋದವರು ಖಾಲಿ ಬಸ್ಸನ್ನು ಹಿಂದಿನ ಸಂಜೆಯೇ ಮೆಲ್ಲಗೆ ದಾಟಿಸಿ ನಿಲ್ಲಿಸಿದ್ದರು. ಬೆಳಿಗ್ಗೆ ಹೆಂಗಸರು ಬುಟ್ಟಿ ಸಮೇತ ಹತ್ತಿ ಕೂತರು. ದೊಡ್ಡ ಸಾಹೇಬರೂ ಬಂದು ಈಚೆ ದಡದಲ್ಲಿ ಕಾರಿಗೆ ಒರಗಿ ನಿಂತಿದ್ದರು. ಆಚೆ ದಡದಲ್ಲಿ ಕಮಾನಿನ ಮೇಲೆ ಕಣ್ಣಿಟ್ಟಿದ್ದವಳು ನಾನು. ಸಂಕದ ಬಾಯಿಗೆ ಬಂದ ಡ್ರೈವರ್ ಬಸ್ಸು ನಿಲ್ಲಿಸಿ ಸಂಕ ನೋಡಿದ, ನಮ್ಮ ಮುಖ ನೋಡಿದ.

“ಎಲ್ಲ ಇಳೀರಿ. ನಡ್ದು ದಾಟಿ, ಆಚೆ ಹತ್ಕಣಿ. ನಂಗೆ ಧೈರ್ಯ ಇಲ್ಲ” ಎಂದ.

ಅವನದು ತಪ್ಪಲ್ಲ, ಕುಸಿದ ಸುದ್ದಿ ಕೇಳದವರು ಯಾರೂ ಇರಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಇಳಿದರು. ಖಾಲಿ ಬಸ್ಸು ದಾಟಿದರೆ ದೊಡ್ಡ ಸಾಹೇಬರು ಏನು ಹೇಳುತ್ತಾರೆ ಎಂದು ನನಗೆ ಗೊತ್ತಿತ್ತು. ಜನ ಇಳಿದು ದಾಟುವ ಸಂಕವನ್ನು ಯಾವ ಡಿಪೋ ಒಪ್ಪುತ್ತದೆ?

ಗಿರಿಜಕ್ಕ ಇಳಿಯಲಿಲ್ಲ. ಕಿಟಕಿಯ ಪಕ್ಕ, ಕಾಲ ಬುಡದಲ್ಲಿ ಬುಟ್ಟಿ ಇಟ್ಟುಕೊಂಡು ಕೂತೇ ಇದ್ದಳು.

“ಅಕ್ಕ, ಇಳಿಯೆ” ಎಂದ ಡ್ರೈವರ್.

“ನನ್ನ ಮೊಣಕಾಲು ನೋವು. ಹತ್ತುದು ಇಳುದು ಆಗುದಿಲ್ಲ. ನೀ ನಡಿ” ಎಂದಳು. ಅದೇ ಬೆಳಿಗ್ಗೆ ಅವಳು ಬುಟ್ಟಿ ಹೊತ್ತು ಓಡೋಡಿ ಹತ್ತಿದ್ದನ್ನು ನಾನು ಕಂಡಿದ್ದೆ.

ನನ್ನ ಪಕ್ಕ ನಿಂತಿದ್ದ ಸಾಹೇಬರು ಕೊಡೆಯನ್ನು ನನ್ನ ಕೈಗೆ ಕೊಟ್ಟು, ಬಸ್ಸು ಹತ್ತಿ, ಆ ಮೀನಿನ ಬುಟ್ಟಿಯ ಪಕ್ಕದ ಸೀಟಿನಲ್ಲಿ ಕೂತರು. ಜೇಬಿನಿಂದ ಕರವಸ್ತ್ರ ತೆಗೆಯಲಿಲ್ಲ. ಎದುರಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

ಕೆಳಗೆ ನಿಂತಿದ್ದ ಹೆಂಗಸರು ಕಿಟಕಿಯಲ್ಲಿ ಆ ಎರಡು ತಲೆಗಳನ್ನು ನೋಡಿದರು. ಒಬ್ಬಳು ಬುಟ್ಟಿ ಎತ್ತಿ ತಲೆಯ ಮೇಲಿಟ್ಟು ಮತ್ತೆ ಹತ್ತಿದಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಎಲ್ಲರೂ. ಬಸ್ಸು ನೋಡುವುದಕ್ಕೆಂದು ಬಂದ ಕೇರಿಯ ಗಂಡಸರು ಕೆಲವರೂ, ಕೆಲಸವಿಲ್ಲದಿದ್ದರೂ ಹತ್ತಿದರು. ಸಾಹೇಬರು ಕಾಗದದಲ್ಲಿ ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚು ಭಾರ ಆ ಬಸ್ಸಿನಲ್ಲಿ ತುಂಬಿತು. ಡ್ರೈವರ್ ಕನ್ನಡಿಯಲ್ಲಿ ಹಿಂದೆ ನೋಡಿ, ಸ್ಟೇರಿಂಗಿಗೆ ನಮಸ್ಕಾರ ಮಾಡಿ, ಗೇರ್ ಹಾಕಿದ.

ಬಸ್ಸು ನಡುವಿನ ಕಮಾನಿನ ಮೇಲೆ ಬಂದಾಗ ನಾನು ಬಗ್ಗಿ ಕಲ್ಲುಗಳನ್ನೇ ನೋಡುತ್ತಿದ್ದೆ. ಕಮಾನಿನಿಂದ ಒಂದಿಷ್ಟು ಸುಣ್ಣದ ಪುಡಿ ಉದುರಿ ನೀರಿಗೆ ಬಿತ್ತು, ಅಷ್ಟೇ. ಕಿಟಕಿ ಕಿಟಕಿಗಳಲ್ಲಿ ಮುಖಗಳು ನನ್ನಿಂದ ದೂರ ಸರಿದು ಹೋದವು. ನಾನು ಕೊಡೆ ಹಿಡಿದು ಎಲ್ಲರ ಮುಂದೆ ಅತ್ತುಬಿಟ್ಟೆ. ಬಸ್ಸು ಈಚೆ ದಡ ಮುಟ್ಟಿದ ಮೇಲೂ ಯಾರೂ ಚಪ್ಪಾಳೆ ತಟ್ಟಲಿಲ್ಲ, ಬಸ್ಸು ನಿಲ್ಲಲೂ ಇಲ್ಲ. ಪೇಟೆಗೆ ಹೊತ್ತಾಗಿತ್ತು, ಕಂಡಕ್ಟರ್ ಮೊದಲ ಸೀಟಿನಿಂದ ಟಿಕೆಟ್ ಕೊಡುತ್ತ ಹಿಂದಕ್ಕೆ ನಡೆದ.